ಸೂರ್ಯ ಇವತ್ತು ಹೇಗಿದ್ದಾನೆ?

ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಯಾರ ಪ್ರಶ್ನೆಗೂ ಉತ್ತರ ಕೊಡಬಾರದು. ಕ್ಲೈವ್ ಕೊಟ್ಟುಬಿಟ್ಟ.

"ಏನಯ್ಯ ಕ್ಲೈವ್, ಸೂರ್ಯ ಇವತ್ತು ಹೇಗಿದ್ದಾನೆ?" ಬೇಲಿಯಾಚೆಯಿಂದ ಮುದುಕ ಮರ್ವಿನ್ ಕೇಳಿದ್ದ.

"ಹಾಲು ಕುಡಿದ ಮಗು ಥರ ಮಲಗಿದ್ದಾನೆ. ಬಿರುಗಾಳಿ ಏನಿದ್ರೂ ನಾಳೆ. ಧೈರ್ಯವಾಗಿ ಹಕ್ಕಿ ಬಿಡಿಸಿ."

ಜ್ಯೋತಿಷಿಗಳು ಸೂರ್ಯನನ್ನು ನೋಡಿ ನಮ್ಮ ಭವಿಷ್ಯ ಹೇಳಿದರೆ, ಅಡಿಲೇಡಿನ ಈ ಕ್ಲೈವ್ ಸೂರ್ಯನ ಭವಿಷ್ಯವನ್ನೇ ಹೇಳುವವನು. ಅದೇ ಅವನ ನೌಕರಿ. ಸೂರ್ಯ ಸಿಡುಕಿ ಬಿರುಗಾಳಿ ಎಬ್ಬಿಸಿದರೆ ಭೂಮಿಯ ಕಾಂತಶಕ್ತಿ ತತ್ತರಿಸುತ್ತದೆ, ಅದನ್ನೇ ನಂಬಿ ಹಾರುವ ಪಾರಿವಾಳಗಳಿಗೆ ದಿಕ್ಕು ತಪ್ಪುತ್ತದೆ. ಅದಕ್ಕೇ ಪಂದ್ಯದ ದಿನ ಪಾರಿವಾಳ ಸಂಘದವರು ಮರ್ವಿನ್‌ನನ್ನು ಕೇಳುತ್ತಿದ್ದರು, ಮರ್ವಿನ್ ಕ್ಲೈವ್‌ನನ್ನು. ಕ್ಲೈವ್ ಮಾತ್ರ ದಿನಾ ಮನೆಯ ಇನ್ನೊಂದು ಬದಿಯ ಅಡುಗೆಮನೆ ಕಿಟಕಿಯಲ್ಲಿ ನಿಂತು, ಆಕಾಶ ನೋಡುತ್ತ, ಅರ್ಧ ಬಿಸ್ಕತ್ತು ತಾನು ತಿಂದು ಉಳಿದರ್ಧವನ್ನು ಯಾವುದೋ ಬೀದಿ ಹಕ್ಕಿಗೆ ಉದುರಿಸುತ್ತ ಕನಸು ಕಾಣುವ ಆಸಾಮಿ. ಇವತ್ತು ಆ ಹಕ್ಕಿಯೂ ಬಂದಿರಲಿಲ್ಲ.

"ನನ್ನ ಮೇಬಲ್ ಕಪ್ ಗೆಲ್ತಾಳೆ ನೋಡ್ತಿರು," ಅಂದ ಮರ್ವಿನ್. "ಇತ್ತೀಚೆಗೆ ಯಾಕೋ ಕಾಳು ಸರಿಯಾಗಿ ಮುಟ್ಟಲ್ಲ, ಆದ್ರೂ ರೆಕ್ಕೆ ಗಟ್ಟಿ. ಇದೇ ಕೊನೇ ಪಂದ್ಯ ಮಾರಾಯ. ಮುಂದಿನ ತಿಂಗಳು ಮಗಳ ಫ್ಲ್ಯಾಟಿಗೆ ಹೋದ್ರೆ ಗೂಡೂ ಇಲ್ಲ, ಹಕ್ಕೀನೂ ಇಲ್ಲ. ಜೀವಮಾನದಲ್ಲಿ ಒಂದು ಕಪ್ಪಾದ್ರೂ ಬೇಡ್ವಾ?"

ಅಂದವನೇ ದೂರದ ಹಾಕರ್ ಊರಿನಲ್ಲಿ ಪಾರಿವಾಳಗಳ ಲಾರಿ ಹತ್ತಿರ ಕಾಯುತ್ತಿದ್ದವನಿಗೆ, ಹಕ್ಕಿಗಳನ್ನು ಬಿಟ್ಟುಬಿಡು ಅಂತ ಫೋನ್ ಮಾಡಿದ.

ಆಫೀಸಿನಲ್ಲಿ ಕ್ಲೈವ್ ಪರದೆಯ ಮೇಲಿನ ಹೊಂಬಣ್ಣದ ಸೂರ್ಯನನ್ನು ನೋಡುತ್ತ ಮೈಮರೆತಿದ್ದ. ನೆತ್ತಿಯ ಮೇಲೆ ಮಲ್ಲಿಗೆ ದಂಡೆಯ ಹಾಗೆ ಒಂದು ಜ್ವಾಲೆ ಬಾಗಿತ್ತು.

"ಕ್ಲೈವ್! ನಿನ್ನ ನಾಳೆ ಇವತ್ತೇ ಬಂದಿದೆ!" ಪಕ್ಕದ ಮೇಜಿನವಳು ಕೂಗಿದಳು. ಕಾಂತಶಕ್ತಿಯ ಗೆರೆ ಹುಚ್ಚೆದ್ದು ಕುಣಿಯುತ್ತಿತ್ತು.

ಕ್ಲೈವ್ ಗಾಬರಿಯಿಂದ ಮರ್ವಿನ್‌ಗೆ ಫೋನ್ ಹಚ್ಚಿದ. "ಆಗಲೇ ಬಿಟ್ಟಾಯ್ತಲ್ಲಯ್ಯ," ಅಂದ ಮರ್ವಿನ್.

ರಜೆ ಹಾಕಿ ಓಡಿ ಬಂದರೆ, ಮರ್ವಿನ್‌ನ ಹಿತ್ತಲಲ್ಲಿ ಸಂಘದವರೆಲ್ಲ ಕುರ್ಚಿಗೊರಗಿ ಆಕಾಶ ನೋಡುತ್ತಿದ್ದರು. ಎಂಥ ಆಕಾಶ! ಒಗೆದು ಹರವಿದ ನೀಲಿ ಸೀರೆ. ಬಿರುಗಾಳಿ ಅಂದರೆ ಯಾರು ನಂಬಬೇಕು? ಒಂದು ಬಿಳಿ ಚುಕ್ಕೆ ಕಂಡಿತು, ಎಲ್ಲರೂ ಎದ್ದು ನಿಂತರು. ಕಡಲಹಕ್ಕಿ. ಎಲ್ಲರೂ ಕೂತರು.

"ಏನಪ್ಪಾ ಸೂರ್ಯನ ವಕೀಲ, ಮಗು ಎದ್ದುಬಿಡ್ತಾ?" ಅಂತ ಒಬ್ಬ.

"ಹಾಲು ಸಾಲಲಿಲ್ಲವೇನೋ," ಅಂತ ಇನ್ನೊಬ್ಬ.

ಹೊತ್ತು ಮುಳುಗುವುದರೊಳಗೆ ಹಕ್ಕಿ ತನ್ನ ಗೂಡಿನ ಹೊಸ್ತಿಲು ತುಳಿಯಬೇಕು, ಕಾಲಿನ ಉಂಗುರ ಅಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಚಹಾ ಆರಿತು, ನೆರಳು ಉದ್ದವಾಯಿತು, ಸೂರ್ಯ ಏನೂ ಅರಿಯದವನಂತೆ ಕಡಲಿಗೆ ಇಳಿದ. ಯಾರ ಗೂಡಿಗೂ ಒಂದು ಹಕ್ಕಿ ಬರಲಿಲ್ಲ. ಕಪ್ ಯಾರಿಗೂ ಇಲ್ಲ.

"ನನ್ನಿಂದಲೇ ಹೀಗಾಯ್ತು," ಅಂದ ಕ್ಲೈವ್. ಅವನಿಗೆ ಅಳುವೇ ಬಂತು.

ಮರ್ವಿನ್ ಅವನ ಹೆಗಲ ಮೇಲೆ ಕೈಯಿಟ್ಟ. "ಸೂರ್ಯನ ಹತ್ರ ಜಗಳ ಆಡೋಕಾಗುತ್ತಾ? ನಿನ್ನ ತಪ್ಪೇನಿಲ್ಲ ಬಿಡು. ಯಾರ ಹಕ್ಕೀನೂ ಬರ್ಲಿಲ್ಲವಲ್ಲ."

ಕ್ಲೈವ್‌ಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಹೆಂಡತಿ ಬೆರಿಲ್ ಬೇಲಿಯ ಹತ್ತಿರ ಬಂದಳು, ಕಂಕುಳಲ್ಲಿ ಏನೋ ಅವುಚಿಕೊಂಡು.

"ಎಲ್ಲಿ ಹಾಳಾಗಿ ಹೋಗಿದ್ದೆ? ನಿನ್ನ ಬೀದಿ ಹಕ್ಕಿ ಮಧ್ಯಾಹ್ನದಿಂದ ಅಡುಗೆಮನೆ ಕಿಟಕಿ ಕುಟ್ಟಿ ಕುಟ್ಟಿ ನನ್ನ ತಲೆ ಚಿಟ್ಟು ಹಿಡಿಸಿದೆ! ಓಡಿಸಿದ್ರೂ ಹೋಗಲ್ಲ. ತಗೋ, ಬಿಸ್ಕತ್ತು ಹಾಕಿ ಕಳಿಸು!"

ಹಕ್ಕಿಯ ಕಾಲಲ್ಲಿ ಉಂಗುರ ಹೊಳೆಯಿತು. ಸೂರ್ಯನಲ್ಲಿ ಸಾಸಿವೆಯಷ್ಟು ಕಲೆ ಕಂಡರೂ ಗುರುತಿಸುವ ಕ್ಲೈವ್‌ಗೆ ಅದು ಒಂದು ದಿನವೂ ಕಂಡಿರಲಿಲ್ಲ.

"ಮೇಬಲ್!" ಮರ್ವಿನ್ ಬೇಲಿಗೆ ಓಡಿದ. ಅವಳನ್ನು ಎದೆಗವಚಿಕೊಂಡ. "ಅಂಥ ಬಿರುಗಾಳೀನೂ ದಾಟಿ ಬಂದ್ಯೇನೇ, ನನ್ನ ತಾಯಿ..." ಆಮೇಲೆ ಕ್ಲೈವ್‌ನ ಕಡೆ ತಿರುಗಿದ. "ಎಂಥ ಬಿಸ್ಕತ್ತಯ್ಯ ಅದು?"

"ಶುಂಠಿದು," ಅಂದ ಕ್ಲೈವ್, ಭೂಮಿ ಬಾಯಿ ಬಿಡಬಾರದೇ ಅಂದುಕೊಳ್ಳುತ್ತ.

ಮರ್ವಿನ್ ಅವಳನ್ನು ಗೂಡಿನ ಕಡೆ ತಿರುಗಿಸಿದ. ಮೇಬಲ್ ಮಾತ್ರ ಕತ್ತು ಚಾಚಿ ಕ್ಲೈವ್‌ನ ಜೇಬು ಕುಟುಕಿದಳು.