ಬಿಯರ್ ಕಾಯಿಸಲು ಒಂದು ಅಗ್ಗದ ತಪ್ಪಲೆ

ದೊಡ್ಡ ಪಾತ್ರೆ ಕೊಳ್ಳುವವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ಕಾಫಿ ಲೋಟ ಕೊಳ್ಳಿ, ಸಾರಿನ ಪಾತ್ರೆ ಕೊಳ್ಳಿ, ಯಾರೂ ಏನೂ ಕೇಳುವುದಿಲ್ಲ. ಅದೇ ಅಂಗಡಿಗೆ ಹೋಗಿ ಎರಡು ಕೈಯನ್ನೂ ಅಗಲಿಸಿ "ಇಷ್ಟು ದೊಡ್ಡದು ಬೇಕು" ಎಂದು ನೋಡಿ. ಅಂಗಡಿಯವನಿಗೂ, ಪಕ್ಕದ ಅಂಗಡಿಯವನಿಗೂ, ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತವನಿಗೂ ನಿಮ್ಮ ಮನೆಯಲ್ಲಿ ಏನು ನಡೆಯಲಿದೆ ಎಂದು ತಿಳಿಯಲೇಬೇಕು. ನಾನು ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತನಾಗಿದ್ದವನು. ಕಂಡವರ ಮನೆ ವಿಷಯ ವಿಚಾರಿಸುವುದೇ ನನ್ನ ಉದ್ಯೋಗ. ಆದರೆ ನನ್ನ ಮನೆಯದನ್ನು ಯಾರಾದರೂ ಕೇಳಿದರೆ ನಾಲಿಗೆ ಒಣಗಿಬಿಡುತ್ತಿತ್ತು. ಅದರಲ್ಲೂ ಆ ಪಾತ್ರೆ ನಮಗೆ ಬೇಕಾಗಿದ್ದದ್ದು ಬಿಯರ್ ಕಾಯಿಸಲು.

ಬಿಯರಿನ ಯೋಚನೆ ನನ್ನದಲ್ಲ, ನನ್ನ ಹೆಂಡತಿ ರತ್ನಳ ಅಣ್ಣ ವೆಂಕಟರೋಣಪ್ಪನವರದು. ಭಾವ ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಹೆಂಡತಿ ಜಯಕ್ಕ ಹೊಟ್ಟೆಯ ಕಾಯಿಲೆಯಿಂದ ಬಹಳ ನರಳಿ ತೀರಿಕೊಂಡ ಮೇಲೆ ಕೆಲಸ ಬಿಟ್ಟರು. ಮಕ್ಕಳಿರಲಿಲ್ಲ. ರತ್ನ ಹೋಗಿ ಕರೆದುಕೊಂಡು ಬಂದಳು. ಬಂದವರು ನಮ್ಮ ಹಜಾರದ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತರು, ಅಷ್ಟೆ. ಕರೆದರೆ ಊಟಕ್ಕೆ ಬರುವರು, ಅರ್ಧ ಮುದ್ದೆ ಮುರಿದು ಕೈ ತೊಳೆಯುವರು. ರತ್ನ ಅವರಿಗೆ ಇಷ್ಟವೆಂದು ಬಸ್ಸಾರು ಮಾಡುವಳು, ಉಪ್ಪುಸಾರು ಮಾಡುವಳು, ಕೊನೆಗೆ ಅಡುಗೆಮನೆಯಲ್ಲಿ ಕೂತು ತಾನೇ ಅತ್ತುಬಿಡುವಳು. ಅವರನ್ನು ನಗಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕಚೇರಿಯ ತಮಾಷೆಗಳನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿ "ಪಾಪ" ಎನ್ನುತ್ತಿದ್ದರು. ನಾನು ಹೇಳಿದ್ದು ತಮಾಷೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ತಾವಾಗಿಯೇ ಬಾಯಿಬಿಟ್ಟರು. "ಒಂದು ದೊಡ್ಡ ತಪ್ಪಲೆ ಬೇಕಲ್ಲ ಕಣಪ್ಪ. ಮನೇಲೇ ಬಿಯರ್ ಮಾಡಣ ಅಂತ."

ನನಗೆ ಮೊದಲು ಕಂಡದ್ದು ಅಬಕಾರಿಯವರ ಜೀಪು, ಆಮೇಲೆ ನನ್ನ ಸಸ್ಪೆನ್ಷನ್ ಆರ್ಡರು. ಜೀವನದಲ್ಲಿ ಒಂದು ಹನಿ ಮುಟ್ಟಿದವನಲ್ಲ ನಾನು. ಆದರೆ ರತ್ನ ಒಳಗಿನಿಂದ ಓಡಿಬಂದು, "ಆಗಲಿ ಅಣ್ಣಯ್ಯ, ಹಿತ್ತಲಲ್ಲಿ ಒಲೆ ಹಾಕಿಕೊಡ್ತೀನಿ" ಎಂದಳು. ನಾನು ಊರಿಗೆ ಹೋದಾಗ ಒಂದು ಸೀಸೆ ಸೋಡಾ ಕುಡಿದರೂ ಮೂಸಿ ನೋಡುವ ಹೆಂಗಸು ಅವಳು! ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅತ್ತಿಗೆ ಹೋದ ಮೇಲೆ ಅಣ್ಣಯ್ಯ ಬೇಕು ಅಂದಿದ್ದು ಇದೊಂದೇ ಕಣ್ರೀ. ವಿಷ ಕಾಯಿಸ್ತೀನಿ ಅಂದ್ರೂ ಪಾತ್ರೆ ತಂದುಕೊಡಿ."

ಹೀಗೆ ಶುರುವಾಯಿತು ನಮ್ಮ ಭಾನುವಾರಗಳ ಪಾತ್ರೆ ಯಾತ್ರೆ. ಮೊದಲು ನಮ್ಮೂರಿನಲ್ಲೇ ರೇಷ್ಮೆ ನೂಲು ತೆಗೆಯುವ ಬಾಷಾ ಸಾಬರ ಹತ್ತಿರ ಹೋದೆವು. ಅವರು ಗೂಡು ಬೇಯಿಸುವ ಹಳೆಯ ಪಾತ್ರೆಯೊಂದನ್ನು ಪುಕ್ಕಟೆಯಾಗಿ ಕೊಡುತ್ತೇನೆಂದರು. ನಾನು ಆಗಲೇ ಒಂದು ಕಿವಿ ಹಿಡಿದು ಎತ್ತಿದ್ದೆ. ಭಾವ ಒಳಗೆ ತಲೆ ಹಾಕಿ, ಹಾಕಿದ್ದಕ್ಕಿಂತ ಬೇಗ ತೆಗೆದರು. "ಹುಳದ ವಾಸನೆ ಈ ಜನ್ಮಕ್ಕೆ ಹೋಗಲ್ಲ, ಬಿಡಪ್ಪ." ಮುಂದಿನ ವಾರ ಚಿಕ್ಕಬಳ್ಳಾಪುರ. ಅಲ್ಲಿನ ಸ್ಟೀಲ್ ಪಾತ್ರೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಬೆಲೆ ಕೇಳಿದ ಮೇಲೆ ಅದರಲ್ಲಿ ನನ್ನ ಮುಖ ಇನ್ನೂ ಸಣ್ಣದಾಗಿ ಕಂಡಿತು. ಅಗ್ಗದ್ದನ್ನು ತೋರಿಸಿದರೆ ಭಾವ ಬೆರಳ ಗೆಣ್ಣಿನಿಂದ ತಳ ಬಡಿದು, "ತೆಳ್ಳಗಿದೆ, ಸೀದುಹೋಗ್ತದೆ" ಎನ್ನುವರು. ಇನ್ನೊಂದಕ್ಕೆ ಬಾಯಿ ಚಿಕ್ಕದು, ಕೈ ಹಾಕಿ ತೊಳೆಯಲಾಗದು. ಮತ್ತೊಂದು ಸರಿಯಾಗಿದೆ ಎಂದರೆ, ಉಕ್ಕಿದಾಗ ಮೇಲೆ ಜಾಗ ಬೇಕಲ್ಲ, ಇನ್ನೂ ದೊಡ್ಡದಿರಬೇಕು. ಹೆಣ್ಣು ನೋಡಲು ಹೋದಾಗ ನಾನು ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಆದರೆ ಬರಿಗೈಯಲ್ಲಿ ಬಸ್ಸು ಹತ್ತಿ ಮರಳುವಾಗ ಭಾವ ಹಾದಿಯುದ್ದಕ್ಕೂ ಮಾತಾಡಿದರು. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಇರುವ ವ್ಯತ್ಯಾಸವನ್ನು ನಾನು ಅಷ್ಟು ಸಂತೋಷದಿಂದ ಇನ್ನೆಂದೂ ಕೇಳಿಲ್ಲ.

ಕೊನೆಗೆ ಚಿಂತಾಮಣಿಯಲ್ಲಿ ಸಿಕ್ಕಿತು. ದಪ್ಪ ತಳದ, ಅಗಲ ಬಾಯಿಯ ಅಲ್ಯೂಮಿನಿಯಮ್ ತಪ್ಪಲೆ. ಒಂದು ಪಕ್ಕ ನೆಗ್ಗಿದ್ದರಿಂದ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಭಾವ ಬಡಿದು ನೋಡಿ ಕಣ್ಣು ಮಿಟುಕಿಸಿದರು. ಚೌಕಾಸಿ ನನ್ನ ಇಲಾಖೆ. ಅಂಗಡಿಯ ಶೆಟ್ಟರು ಎಲ್ಲರೂ ಕೇಳುವ ಪ್ರಶ್ನೆಯನ್ನೇ ತೆಲುಗಿನಲ್ಲಿ ಕೇಳಿದರು: "ಪೆಂಡ್ಲಿಕಾ ಸಾರ್, ತಿಥಿಕಾ?"

ಮದುವೆಗೆಂದರೆ ಬೆಲೆ ಏರಿಸುತ್ತಾರೆ ಎಂದು ನನ್ನ ಗುಮಾಸ್ತ ಬುದ್ಧಿ ಹೇಳಿತು. "ತಿಥಿಗೆ" ಎಂದುಬಿಟ್ಟೆ, ಮುಖವನ್ನು ತಕ್ಕಂತೆ ಇಳಿಬಿಟ್ಟು.

"ಅಯ್ಯೋ ಪಾಪ. ಯಾರದು?"

ಸತ್ತವರ ಹೆಸರನ್ನು ನಾನು ಯೋಚಿಸಿಟ್ಟುಕೊಂಡಿರಲಿಲ್ಲ. ನಮ್ಮ ದೊಡ್ಡಪ್ಪನನ್ನು ಎರಡನೇ ಸಲ ಸಾಯಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಭಾವ ಮೆಲ್ಲಗೆ ಹೇಳಿದರು: "ನಮ್ಮನೆಯವಳದು."

ಶೆಟ್ಟರು ತಾವೇ ಬೆಲೆ ಇಳಿಸಿ, ತಪ್ಪಲೆಯ ಧೂಳೊರೆಸಿ, ಹಗ್ಗ ಕಟ್ಟಿಕೊಟ್ಟರು. ಬಸ್‌ಸ್ಟ್ಯಾಂಡಿನವರೆಗೆ ಒಂದೊಂದು ಕಿವಿ ಹಿಡಿದು ನಡೆದೆವು. ನಾನು ಭಾವನ ಮುಖ ನೋಡಲಿಲ್ಲ. "ಸುಳ್ಳು ಹೇಳಿದೆ ಅಂದ್ಕೋಬೇಡಪ್ಪ," ಎಂದರು ಅವರು. "ವರ್ಷದ್ದು ಹತ್ತಿರ ಬಂತು."

ಬಾರ್ಲಿಗೆ ಬದಲಾಗಿ ರತ್ನ ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಭಾವ ತಾವೇ ಹುರಿದರು, ತರಿತರಿಯಾಗಿ ಬೀಸಿಸಿದರು. ನಾನು ಬಿಯರ್ ತುಂಬಲು ಸೀಸೆಗಳನ್ನು ಕೂಡಿಹಾಕಿ, ಯಾರೂ ನೋಡದಂತೆ ಗೋಣಿಚೀಲದ ಕೆಳಗಿಟ್ಟಿದ್ದೆ. ಒಂದು ರಜೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಹೊತ್ತಿತು. ಬಿಸಿಯಾಗುತ್ತ ಬಂದಂತೆ ಒಂದು ವಾಸನೆ ಎದ್ದಿತು; ಸಿಹಿಯಾದ, ಹುರಿದ ಕಾಳಿನ, ಆಗತಾನೇ ಕಣದಿಂದ ಬಂದಂಥ ವಾಸನೆ. ಭಾವ ಒಲೆಯ ಮುಂದೆ ಮಣೆ ಹಾಕಿ ಕೂತರು. ಹೆಗಲ ಮೇಲೆ ಹಾಕಿಕೊಂಡಿದ್ದ ಹಳೆಯ ಫ್ಯಾಕ್ಟ್ರಿ ಷರ್ಟನ್ನು ತೆಗೆದು ಆವಿಯ ಮೇಲೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಏನಣ್ಣಯ್ಯ ಅದು?" ಎಂದಳು ರತ್ನ.

"ಜಯ ನನ್ನ ಷರ್ಟು ಒಗೆಯೋಕೆ ಮುಂಚೆ ಮೂಸ್ತಿದ್ಲು ಕಣಮ್ಮ. 'ನಿಮ್ಮ ಫ್ಯಾಕ್ಟ್ರಿ ವಾಸನೆಗೆ ಹೊಟ್ಟೆ ಹಸೀತದೆ' ಅಂತಿದ್ಲು. ಕೊನೇಲಿ ಏನೂ ಸೇರ್ತಿರ್ಲಿಲ್ವಲ್ಲ, ಒಂದಿನ ಕೇಳಿದ್ಲು, ಆ ಷರ್ಟು ತನ್ನಿ ಅಂತ. ನಾನು ರಜಾ ಹಾಕಿ ಆಸ್ಪತ್ರೇಲೇ ಇದ್ನಲ್ಲ. ಎಲ್ಲಾ ಒಗೆದುಬಿಟ್ಟಿದ್ದೆ."

ಅಷ್ಟು ಹೇಳಿ ಸೌದೆ ಮುಂದಕ್ಕೆ ನೂಕಿದರು. ಆಮೇಲೆ ನಾನು ಮೆಲ್ಲಗೆ, ಇದನ್ನು ಸೋಸಿ ಹುಳಿಯಲು ಇಡುವುದು ಯಾವಾಗ ಎಂದು ಕೇಳಿದೆ. ಭಾವ ನನ್ನನ್ನು ಹೊಸಬನಂತೆ ನೋಡಿ, "ಸಾಕು ಕಣಪ್ಪ. ಇಷ್ಟೇ. ಉಳಿದಿದ್ದು ನಿಮ್ಮ ಎಮ್ಮೆಗೆ ಹಾಕು" ಎಂದರು. ಆ ಷರ್ಟನ್ನು ಮಡಿಸಿ ತಮ್ಮ ಟ್ರಂಕಿನಲ್ಲಿಟ್ಟರು. ಮಧ್ಯಾಹ್ನ ಕರೆಯದೆಯೇ ಊಟಕ್ಕೆ ಬಂದು ಕೂತು ಒಂದು ಮುದ್ದೆ ಮುಗಿಸಿ ಇನ್ನರ್ಧ ಕೇಳಿದರು. ರತ್ನ ಅರ್ಧವಲ್ಲ, ಇಡೀ ಮುದ್ದೆಯನ್ನೇ ಬಡಿಸಿದಳು.

ಸಂಜೆ ಎಮ್ಮೆ ಕುಡಿದು ಮಿಗಿಸಿದ್ದಲ್ಲ, ಅದಕ್ಕಿಂತ ಮೊದಲೇ ನಾನು ತೆಗೆದಿಟ್ಟಿದ್ದ ಒಂದು ಲೋಟವನ್ನು ಹಿತ್ತಲ ಗೋಡೆಯ ಮರೆಯಲ್ಲಿ ಕುಡಿದೆ. ಇಷ್ಟು ಊರು ಸುತ್ತಿದವನಿಗೆ ಅಷ್ಟೂ ಹಕ್ಕಿಲ್ಲವೇ? ಕುಡಿದ ಸ್ವಲ್ಪ ಹೊತ್ತಿಗೇ ಎದೆ ಭಾರವಾಯಿತು, ಎದುರಿನ ನುಗ್ಗೆಮರ ಎರಡಾಗಿ ಕಂಡಿತು. ಆಯಿತು, ಏರಿತು, ನನ್ನ ನೌಕರಿಯೂ ಹೋಯಿತು ಎಂದು ಗೋಡೆ ಹಿಡಿದು ಕೂತೆ. ರತ್ನ ಹುಡುಕಿಕೊಂಡು ಬಂದಳು.

"ಹತ್ತಿರ ಬರಬೇಡ," ಎಂದೆ. "ನಾನು ಕುಡಿದಿದ್ದೀನಿ."

ಅವಳು ಲೋಟ ಕಿತ್ತುಕೊಂಡು ಮೂಸಿದಳು. "ಇದರಲ್ಲಿ ಏನೈತ್ರೀ ಏರೋಕೆ? ಹುಳಿ ಕೂಡ ಬಂದಿಲ್ಲ. ಬರೀ ರಾಗಿ ಗಂಜಿ." ಆಮೇಲೆ ನನ್ನ ಮುಖ ನೋಡಿದಳು. "ಅಳ್ತಾ ಇದ್ದೀರಲ್ಲ?"

"ಹೊಗೆ," ಎಂದೆ.

ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಆದರೂ ರತ್ನ "ಹೂಂ, ತುಂಬಾ ಹೊಗೆ" ಎಂದು ಪಕ್ಕದಲ್ಲಿ ಕೂತು ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. ನಾನು ಕುಡಿತ ಬಿಟ್ಟದ್ದು ಅಂದಿನಿಂದಲೇ. ಸ್ನೇಹಿತರು ಯಾರಾದರೂ ಬಲವಂತ ಮಾಡಿದರೆ, ಬೇಡಪ್ಪ, ನನಗೆ ಗಂಜಿಗೇ ತಡೆಯುವುದಿಲ್ಲ ಎನ್ನುತ್ತೇನೆ. ಅದನ್ನು ತಮಾಷೆ ಎಂದುಕೊಂಡು ಎಲ್ಲರೂ ನಗುತ್ತಾರೆ.