ಮಾಮಾನ ಜೀಪಿನಲ್ಲಿ ನನ್ನ ಪಿಎಚ್.ಡಿ.

ನಮ್ಮ ಮಾಮಾನ ಜೊತೆ ಒಂದೇ ಜೀಪಿನಲ್ಲಿ ಕೂತು ದಿಲ್ಲಿಯಿಂದ ಗದಗಿಗೆ ಬಂದವಳು ನಾನು. ಅವನು ಇನ್ನೂ ಬದುಕಿದ್ದಾನೆ, ನಾನು ಇನ್ನೂ ಜೈಲಿಗೆ ಹೋಗಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ಪವಾಡ ಎಂಬುದನ್ನು ಪೂರ್ತಿ ಓದಿ ನೀವೇ ಹೇಳಬೇಕು.

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಕುರ್ತಕೋಟಿಯಲ್ಲಿ ಎರೆಹೊಲ ಇದೆ, ಹಳೆಯದೊಂದು ಜೀಪಿದೆ, ಹೆಂಡತಿ ಇಲ್ಲ. ಯಾಕೆ ಇಲ್ಲ ಎಂದು ಕೇಳಿದರೆ, "ಹೆಣ್ಣ ನೋಡಾಕ ಹೋದಲ್ಲೆ ಮಾತಿಗೆ ಕುಂತೆ. ಹೆಣ್ಣು ತೋರ್ಸೂದು ಅವರು ಮರತರು, ನೋಡೂದು ನಾ ಮರತೆ" ಎನ್ನುತ್ತಾನೆ. ಇದು ತಮಾಷೆಯೆಂದು ನಾನು ಬಹಳ ವರ್ಷ ತಿಳಿದಿದ್ದೆ. ಅವನ ಜೊತೆ ಪ್ರಯಾಣ ಮಾಡಿದ ಮೇಲೆ ಅಕ್ಷರಶಃ ನಿಜವೆಂದು ಗೊತ್ತಾಯಿತು.

ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಕಪ್ಪು ಎರೆಮಣ್ಣಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಬೇಸಿಗೆಗೆ ಅದು ಹೇಗೆ ಬಿರಿಯುತ್ತದೆ, ಮಳೆಗೆ ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದು ನನ್ನ ವಿಷಯ. ಪ್ರಯೋಗಗಳೆಲ್ಲ ಮುಗಿದಿದ್ದವು. ಪ್ರಬಂಧ ಬರೆಯುವುದು ಮಾತ್ರ ಉಳಿದಿತ್ತು, ಅದೇ ಆಗುತ್ತಿರಲಿಲ್ಲ. ಜೊತೆಯವರೆಲ್ಲ ಮುಗಿಸಿ ನೌಕರಿ ಹಿಡಿದು ಹೋದರು. ನಾನು ಕೋಣೆಯ ಗೋಡೆ ನೋಡುತ್ತ ಕೂರುವುದನ್ನು ಕಲಿತೆ. ಊಟಕ್ಕೂ ಇಳಿಯುತ್ತಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಕೊನೆಗೆ ಹಾಸ್ಟೆಲಿನವರು ಕೋಣೆ ಖಾಲಿ ಮಾಡಿ ಎಂದರು, ಗೈಡು ಊರಿಗೆ ಹೋಗಿಯಾದರೂ ಬರೆದು ಮುಗಿಸಿ ಎಂದರು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಮನೆಗೆ ಬರುತ್ತೇನೆಂದು ಅವ್ವನಿಗೆ ತಿಳಿಸಿ, ರೈಲಿನ ಟಿಕೆಟ್ ತೆಗೆಸಿದೆ.

ರೈಲು ಹತ್ತುವ ಹಿಂದಿನ ದಿನ ಹಾಸ್ಟೆಲಿನ ಕಾವಲುಗಾರ ಮೇಲೆ ಬಂದು, ನಿಮ್ಮ ಡ್ರೈವರ್ ಬಂದಿದ್ದಾನೆ ಎಂದ. ನನಗೆಲ್ಲಿಯ ಡ್ರೈವರು? ಕೆಳಗಿಳಿದು ನೋಡಿದರೆ ಗೇಟಿಗೆ ಅಡ್ಡಲಾಗಿ ಜೀಪು, ಅದರ ಬಾನೆಟ್ಟಿನ ಮೇಲೆ ಜೋಳದ ಕಟಕು ರೊಟ್ಟಿಯ ಗಂಟು, ಪಕ್ಕದಲ್ಲಿ ಧೂಳಿನಲ್ಲಿ ಅದ್ದಿ ತೆಗೆದಂತಿದ್ದ ನಮ್ಮ ಮಾಮಾ.

"ಯಾಕ ಬಂದಿ ಮಾಮಾ?"

"ನಿನ್ನ ಮಣ್ಣಿನ ಚೀಲ ರೈಲಿನ್ಯಾಗ ಒಯ್ದರ ಪೊಲೀಸರು ಹಿಡೀತಾರವ್ವ."

ಹಿಡಿದರೆ ಹಿಡಿಯಲಿ ಎಂದು ಕೂಗುವಷ್ಟು ಕಸುವು ಆಗ ನನ್ನಲ್ಲಿರಲಿಲ್ಲ. ಅವನು ನನ್ನ ಮುಖವನ್ನೊಮ್ಮೆ ನೋಡಿದ, ಚೀಲಗಳನ್ನು ಹೊರಲು ಶುರು ಮಾಡಿದ. ಪುಸ್ತಕದ ಡಬ್ಬಿ, ಹಾಸಿಗೆ, ಆಮೇಲೆ ಆ ಮಣ್ಣು. ಪರೀಕ್ಷಕರು ಅನುಮಾನಪಟ್ಟರೆ ಮತ್ತೊಮ್ಮೆ ಪರೀಕ್ಷಿಸಲು ಬೇಕೆಂದು ನಾನು ಮಾಮಾನ ಹೊಲದಿಂದ ತಂದು ಕಾಪಾಡಿಕೊಂಡಿದ್ದ ಮಣ್ಣು. "ನಮ್ಮ ಹೊಲದ ಮಣ್ಣ ದಿಲ್ಲಿ ನೋಡಿ ಬಂತು, ನಾ ಈಗ ನೋಡಾಕತ್ತೇನಿ" ಎಂದು ಗೊಣಗುತ್ತ ಎಲ್ಲವನ್ನೂ ಹೇರಿದ.

ಹೊರಟೆವು. ಫೋನಿನ ನಕ್ಷೆಯಲ್ಲಿ ದಾರಿ ಹೇಳುವ ಹೆಣ್ಣುದನಿಯ ಮೇಲೆ ಮಾಮಾನಿಗೆ ನಂಬಿಕೆ ಇಲ್ಲ. "ಆಕಿ ಯಾವ ಊರಾಕಿ? ಈ ಹಾದಿ ನಡದಾಳೇನು?" ಎಂದು ಕೇಳಿ ಅದನ್ನು ಆರಿಸಿಬಿಟ್ಟ. ಹಾಗಾದರೆ ದಾರಿ ತಿಳಿಯುವುದು ಹೇಗೆ? ಜನರನ್ನು ಕೇಳುವುದು. ಕೇಳುವ ಮೊದಲು ಅವರ ಬೆಳೆ ವಿಚಾರಿಸುವುದು, ಆಮೇಲೆ ಮಳೆ, ಆಮೇಲೆ ಮಕ್ಕಳ ಮದುವೆ. ಅವನ ಹಿಂದಿಯೋ, ಗದಗಿನ ಸಂತೆಯಲ್ಲಿ ಕಲಿತದ್ದು. "ಭೈಯಾ, ತುಮಾರಾ ಗೋಧಿ ಕೈಸಾ ಹೈ?" ಎಂದು ಶುರು ಮಾಡಿದರೆ ಎದುರಿನವನು ಗಾಬರಿಯಾಗುತ್ತಿದ್ದ, ಮಾಮಾ ಮಾತ್ರ ಆಗುತ್ತಿರಲಿಲ್ಲ. ಗ್ವಾಲಿಯರಿನ ದಾರಿ ಕೇಳಲು ಇಳಿದವನು ಒಮ್ಮೆ ಎಮ್ಮೆಯ ಹಾಲು ಕುಡಿದು, ಮನೆಯವರಿಗೆಲ್ಲ ನಮಸ್ಕಾರ ಹೇಳಿ, ತೃಪ್ತನಾಗಿ ಮರಳಿದ. ದಾರಿ ಎಲ್ಲಿ ಎಂದರೆ, "ಹೌದಲ್ಲ, ಕೇಳೂದ ಬಿಟ್ಟೆ" ಎಂದು ಮತ್ತೆ ಇಳಿದ. ನನ್ನ ಹಲ್ಲು ಕಡಿಯುವ ಶಬ್ದ ಎಂಜಿನ್ನಿಗಿಂತ ಜೋರಾಗಿತ್ತು.

ಗ್ವಾಲಿಯರ್ ದಾಟಿದ ಮೇಲೆ ಒಂದು ಢಾಬಾದಲ್ಲಿ ಊಟಕ್ಕೆ ಕೂತೆವು. ಬಿಲ್ಲು ಬರುವಷ್ಟರಲ್ಲಿ ಮಾಮಾ ಮಾಲೀಕನಿಗೆ, ನಮ್ಮ ಅಕ್ಕನ ಮಗಳು ಡಾಕ್ಟರ್ ಆಗುತ್ತಾಳೆ ಎಂದು ಸಾರಿ ಬಂದಿದ್ದ. ಒಳಗಿನಿಂದ ಮಾಲೀಕನ ತಾಯಿ ಕುಂಟುತ್ತ ಬಂದು ನನ್ನೆದುರು ಮೊಣಕಾಲು ಚಾಚಿ ಕೂತಳು. ನಾನು ಕಾಲಿನ ಡಾಕ್ಟರ್ ಅಲ್ಲವೆಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಮುದುಕಿ ನನಗೆ ಸೊಕ್ಕು ಎಂದುಕೊಂಡು ಎದ್ದು ಹೋದಳು.

ಜೀಪು ಹತ್ತಿದ ಮೇಲೆ ನಾನು ಸಿಡಿದೆ. "ನಾ ಮಣ್ಣಿನ ಮ್ಯಾಲ ಓದಾಕತ್ತೇನಿ ಮಾಮಾ. ಮಣ್ಣು. ತಿಳೀತೇನು?"

"ಮೊಣಕಾಲೂ ಕಡೀಕ ಮಣ್ಣ ಅಲ್ಲೇನವ್ವ" ಎಂದು ಗೇರು ಹಾಕಿದ.

ನಾನು ಅವತ್ತು ಬೈಯಲು ಶುರು ಮಾಡಿದವಳು ಮುಂದಿನ ಊರಿನ ತನಕ ನಿಲ್ಲಿಸಲಿಲ್ಲ. ಅವನ ಡ್ರೈವಿಂಗು, ಅವನ ಹಿಂದಿ, ಬೆಳಗಿನಿಂದ ಅವನು ಹಾಡುತ್ತಿದ್ದ ತಾಳವಿಲ್ಲದ ಪದ, ಎಲ್ಲದಕ್ಕೂ ಬೈದೆ. ಅವನು ತಲೆಯಾಡಿಸುತ್ತ ರೊಟ್ಟಿ ಮುರಿದು ಮುರಿದು ನನ್ನ ಕೈಗೆ ಕೊಡುತ್ತಿದ್ದ. ಬೈದು ಹಸಿವಾಗಿತ್ತೋ ಏನೋ, ತಿಂದೆ.

ಆದರೆ ನಿಜವಾದ ಅನಾಹುತ ಆದದ್ದು ಧುಳೆ ದಾಟಿದ ಮೇಲೆ. ಮಳೆ ಸುರಿಯುತ್ತಿತ್ತು. ಚಹಾಕ್ಕೆಂದು ರಸ್ತೆಯ ಪಕ್ಕಕ್ಕೆ ಇಳಿಸಿದ ಜೀಪಿನ ಹಿಂದಿನ ಗಾಲಿ ಕೆಸರಿನಲ್ಲಿ ಹೂತುಕೊಂಡಿತು. ನಾನು ಅಂಗಡಿಯ ಒಳಗೆ ಚಹಾ ಕುಡಿದು ಹೊರಬಂದು ನೋಡುತ್ತೇನೆ, ಮಾಮಾ ಮಂಡಿಯೂರಿ ಕೂತು ಗಾಲಿಯ ಕೆಳಗೆ ಏನನ್ನೋ ಸುರಿಯುತ್ತಿದ್ದಾನೆ. ನನ್ನ ಚೀಲ. ನನ್ನ ಮಣ್ಣು. ನಾಲ್ಕಾರು ಚೀಲ ಆಗಲೇ ಬರಿದಾಗಿದ್ದವು.

"ಗಾಲಿಗೆ ಹಿಡಿತ ಬೇಕಿತ್ತವ್ವ" ಎಂದ.

ನೀರು ಕುಡಿದ ಎರೆಮಣ್ಣು ಬೆಣ್ಣೆಯಂತೆ ಜಾರುತ್ತದೆ ಎಂಬುದು ಕುರ್ತಕೋಟಿಯಲ್ಲಿ ತೊಟ್ಟಿಲಿನ ಕೂಸಿಗೂ ಗೊತ್ತು. ಹುಟ್ಟಿದಾಗಿನಿಂದ ಅದೇ ಮಣ್ಣಿನಲ್ಲಿ ಜಾರಿ ಬೀಳುತ್ತಲೇ ಬೆಳೆದವನಿಗೆ ಗೊತ್ತಿಲ್ಲವೇ? ಜೀಪು ಇನ್ನಷ್ಟು ಆಳಕ್ಕೆ, ಎಷ್ಟೋ ಅಂದವಾಗಿ ಜಾರಿ ಕೂತಿತು. ಕೊನೆಗೆ ಟ್ರ್ಯಾಕ್ಟರ್ ತರಿಸಿ ಎಳೆಸಿದೆವು. ಮಳೆಯಲ್ಲಿ ನಿಂತು ನಾನು ಕಿರುಚಿದ್ದಕ್ಕೆ ಅಂಗಡಿಯವರೆಲ್ಲ ಹೊರಬಂದರು. ಕನ್ನಡ ಬಾರದ ಅವರಿಗೂ ಒಂದೊಂದು ಮಾತೂ ತಿಳಿಯಿತು. ಆಮೇಲೆ ವಿಜಯಪುರ ಬರುವ ತನಕ ನಾನು ಅವನ ಜೊತೆ ಮಾತಾಡಲಿಲ್ಲ. ಅವನು ಆ ತಾಳವಿಲ್ಲದ ಪದ ಮುಂದುವರಿಸಿದ.

ಗದಗಿನ ಗುಡ್ಡ ಕಂಡಾಗ ಇನ್ನೇನು ಬೆಟಗೇರಿ, ಮನೆ, ಬಾಗಿಲು, ಚಿಲಕ ಎಂದುಕೊಂಡೆ. ಮಾಮಾ ಬೆಟಗೇರಿಗೆ ಹೊರಳಲಿಲ್ಲ. ನೇರ ಲಕ್ಷ್ಮೇಶ್ವರದ ರಸ್ತೆ ಹಿಡಿದ.

"ಎಲ್ಲಿಗೆ?"

"ನಿಮ್ಮ ಕಾಕಾನ ಮಾತಾಡ್ಸಿ ಹೋಗೂಣು. ಭಾಳ ದಿನಾ ಆತು."

ಲಕ್ಷ್ಮೇಶ್ವರದಲ್ಲಿ ಕಾಕಾನ ಮನೆ, ಶಿರಹಟ್ಟಿಯಲ್ಲಿ ದೊಡ್ಡವ್ವನ ಮನೆ, ಡೋಣಿಯ ಗುಡ್ಡ ಬಳಸಿ ಮುಂಡರಗಿಯಲ್ಲಿ ಅತ್ತೆಯ ಮನೆ. ನನ್ನ ಬಟ್ಟೆಯ ಮೇಲೆ ಧುಳೆಯ ಕೆಸರು ಒಣಗಿ ನಿಂತಿತ್ತು. ಓದು ಮುಗಿಸಲಾಗದೆ ತಿರುಗಿ ಬಂದವಳನ್ನು ಈ ಅವತಾರದಲ್ಲಿ ಬಂಧುಬಳಗಕ್ಕೆಲ್ಲ ತೋರಿಸಿ ಬರುವುದೆಂದರೆ ಏನರ್ಥ? ಪ್ರತಿ ಮನೆಯಲ್ಲೂ ನನ್ನನ್ನು ಅಡುಗೆಮನೆಗೆ ಕಳಿಸಿ, ಗಿರಮಿಟ್ಟು ತಿನ್ನಲು ಕೂರಿಸಿ, ತಾನು ಪಡಸಾಲೆಯಲ್ಲಿ ಹಿರಿಯರ ಜೊತೆ ಪಿಸುಮಾತಾಡುತ್ತಿದ್ದ. ಹೊರಬಂದರೆ ಎಲ್ಲರೂ ನನ್ನನ್ನು ವಿಚಿತ್ರವಾಗಿ, ಮೆತ್ತಗೆ ನೋಡುತ್ತಿದ್ದರು. ನನ್ನ ಮಾನವನ್ನು ಮೂರು ಊರಿನಲ್ಲಿ ಹರಾಜು ಹಾಕಿದ್ದಾನೆ ಎಂದು ಖಾತ್ರಿಯಾಯಿತು.

ಮುಂಡರಗಿಯಿಂದ ಹೊರಟಾಗ ಹೇಳಿಯೇಬಿಟ್ಟೆ. "ಇನ್ನ ಮ್ಯಾಲ ನನ್ನ ಮುಂದ ಬರಬ್ಯಾಡ ಮಾಮಾ. ನಿನ್ನ ಮಾರಿ ನೋಡೂದಿಲ್ಲ ನಾ."

"ಆತು" ಎಂದ. ಹಾಗೆಯೇ ಮಾಡಿದ. ಬೆಟಗೇರಿಯಲ್ಲಿ ಇಳಿಸಿ ಹೋದವನು ಮತ್ತೆ ಬರಲಿಲ್ಲ.

ನಾನು ಬಾಗಿಲು ಹಾಕಿಕೊಂಡು ಬರೆಯಲು ಕೂತೆ. ಸಿಟ್ಟಿನಲ್ಲಿ ಕೀಬೋರ್ಡು ಕುಟ್ಟುತ್ತಿದ್ದೆ. ಮಾಮಾನ ಮೇಲಿನ ಸಿಟ್ಟಿನಲ್ಲಿ ಒಂದು ಅಧ್ಯಾಯ, ಗೈಡಿನ ಮೇಲಿನ ಸಿಟ್ಟಿನಲ್ಲಿ ಇನ್ನೊಂದು. ಮಳೆ ನಿಂತ ಮೇಲೆ ಸುರಿದುಹೋದ ಮಣ್ಣಿನ ಬದಲಿಗೆ ಹೊಸ ಮಣ್ಣು ತೆಗೆದು ಪರೀಕ್ಷೆ ಮಾಡಿಸಬೇಕಾಯಿತು. ಮಾಮಾ ತನ್ನ ಹೊಲದಲ್ಲಿ ಗುಂಡಿ ತೋಡಿಸಿಟ್ಟು, ನಾನು ಹೋದ ದಿನ ತಾನು ಅಲ್ಲಿರಲಿಲ್ಲ. ಅಷ್ಟು ತಿಂಗಳಲ್ಲಿ ಒಬ್ಬ ನೆಂಟನೂ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ, ಒಬ್ಬರೂ ಫೋನು ಮಾಡಲಿಲ್ಲ. ಅದಕ್ಕೂ ನನಗೆ ಸಿಟ್ಟು. ನನ್ನನ್ನು ಲೆಕ್ಕದಿಂದಲೇ ತೆಗೆದರೇನು ಇವರು?

ಪ್ರಬಂಧ ಸಲ್ಲಿಸಿದ ವಾರ ಶಿರಹಟ್ಟಿಯ ದೊಡ್ಡವ್ವ ಫೋನು ಮಾಡಿದಳು. "ಈಗರ ಬರಬಹುದೇನವಾ ನಿಮ್ಮ ಮನಿಗೆ?"

"ಯಾರ ಬ್ಯಾಡಂದ್ರು ದೊಡ್ಡವ್ವ?"

"ನಿಮ್ಮ ಮಾಮಾ. ಅವತ್ತ ಕೈ ಮುಗದು ಕುಂತಿದ್ದ ನಮ್ಮ ಪಡಸಾಲ್ಯಾಗ. ಆಕಿ ಮುಗಸೂ ತನಕಾ ಯಾರೂ ಹೋಗಬ್ಯಾಡ್ರಿ, ಯಾವಾಗ ಮುಗೀತೈತಿ ಅಂತ ಕೇಳಬ್ಯಾಡ್ರಿ, ಮದವಿ ಮಾತ ಎತ್ತಬ್ಯಾಡ್ರಿ ಅಂದ. ಅಂವಾ ಕೈ ಮುಗದಿದ್ದು ನಾ ಅಕ್ಕ ಆಗಿ ನೋಡಿದ್ದಿಲ್ಲವಾ."

ಅವತ್ತೇ ಕುರ್ತಕೋಟಿಗೆ ಹೋದೆ. ಮಾಮಾ ಹೊಲದ ಬದುವಿನ ಮೇಲೆ ಕೂತು ಹಸಿ ಕಡ್ಲಿ ಸುಲಿಯುತ್ತಿದ್ದ. ನನ್ನನ್ನು ಕಂಡು ಏಳಲು ಹೋದ. ನನ್ನ ಮುಂದೆ ಬರಬೇಡ ಎಂದಿದ್ದೆನಲ್ಲ.

"ಕುಂಡ್ರು" ಎಂದು ಪಕ್ಕದಲ್ಲಿ ಕೂತೆ. "ಯಾಕ ನನಗ ಹೇಳಲಿಲ್ಲ?"

ಅವನು ಇನ್ನೊಂದು ಕಡ್ಲಿ ಸುಲಿದ.

"ದಿಲ್ಲ್ಯಾಗ ನಿನ್ನ ಮಾರಿ ನೋಡಿ ನನಗ ಹೆದರಿಕಿ ಆಗಿತ್ತವ್ವ. ಅಳಾಕೂ ಒಲ್ಲಿ, ನಗಾಕೂ ಒಲ್ಲಿ. ಈ ಹುಡುಗಿ ಊರ ತನಕಾ ಉಳೀತಾಳೋ ಇಲ್ಲೋ ಅಂತ ಎಡವಟ್ಟು ವಿಚಾರ ಬರತಿತ್ತು. ಆ ಮೊಣಕಾಲಿನ ಮುದಕಿ ಸಲುವಾಗಿ ಬೈದಿಯಲ್ಲ, ಆವಾಗ ನನಗ ಜೀವ ಬಂತು. ರೊಟ್ಟೀನೂ ತಿಂದಿ. ಮುಂದ ನೀ ಸುಮ್ಮನಾದಾಗೊಮ್ಮೆ ಏನರ ಒಂದು ಮಾಡಿ ಬೈಸಕೊಂಡೆ." ಆಮೇಲೆ, "ಮಣ್ಣ ಮಾತ್ರ ನಿನಗ ಅಷ್ಟು ಬೇಕಾದ್ದು ಅಂತ ಖರೇನ ತಿಳೀಲಾರದ ಸುರವಿದೆ" ಎಂದ.

ಸುಲಿದ ಕಡ್ಲಿಯನ್ನೆಲ್ಲ ನನ್ನ ಅಂಗೈಗೆ ಸುರಿದ. ಹೊಲದ ಕಡೆಗೆ ನೋಡುತ್ತ, ಕೇಳಲೋ ಬೇಡವೋ ಎಂಬಂತೆ ಮೆಲ್ಲಗೆ ಕೇಳಿದ.

"ಮುಗೀತೇನವ್ವ?"

ಅಷ್ಟು ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲನೆಯವನು ಅವನು.

"ಮುಗೀತು ಮಾಮಾ" ಎಂದೆ.