ಸಮಾಜಮಂದಿರದಲ್ಲಿ ರಕ್ತಪಿಶಾಚಿಗಳು

ಹೆಂಗಸರು ಸಿನಿಮಾ ನೋಡಿ ಸುಮ್ಮನೆ ಮನೆಗೆ ಹೋಗುತ್ತಾರೆ ಎಂದು ತಿಳಿದವರು ಜತ್ತದ ನಮ್ಮ ಮಹಿಳಾ ಮಂಡಳಕ್ಕೆ ಬಂದವರಲ್ಲ. ಊರ ಸಮಾಜಮಂದಿರದ ಹಾಲಿನಲ್ಲಿ ತಿಂಗಳಿಗೊಂದು ಚಿತ್ರ, ಆಮೇಲೆ ಚರ್ಚೆ. ಬಿ.ಎ. ಮಾಡಿದ ಕಾರ್ಯದರ್ಶಿ ನಾನು, ಎಲ್ಲವನ್ನೂ ವರದಿಯಲ್ಲಿ ಬರೆದಿಡುತ್ತೇನೆ, ನಕ್ಕಿದ್ದನ್ನೂ.

ಅಪ್ಪಣೆ

ಈ ಸಲದ ಚಿತ್ರವನ್ನು ಆರಿಸಿದವಳು ನನ್ನ ಮೊಮ್ಮಗಳು. ಅದರ ಕಥೆಯಲ್ಲಿ, ಮುಂದೊಂದು ಕಾಲದಲ್ಲಿ ರಕ್ತಪಿಶಾಚಿಗಳದೇ ಸರಕಾರ. ಬಡವರನ್ನು ದೊಡ್ಡಿಯಲ್ಲಿ ಕೂಡಿಹಾಕಿ, ಅವರ ರಕ್ತವನ್ನು ರೇಷನ್ನಿನಲ್ಲಿ ಹಂಚುತ್ತಾರೆ. ಸುದ್ದಿ ಕೇಳಿ ಸಮಾಜಮಂದಿರದ ಅಧ್ಯಕ್ಷರು ಮನೆಗೇ ಬಂದರು.

“ಅಕ್ಕಾರ, ದೆವ್ವದ ಪಿಚ್ಚರ್ ತೋರಿಸಿ ಹೆಣ್ಮಕ್ಕಳ ತಲಿ ಕೆಡಸಬ್ಯಾಡ್ರಿ. ಮುಂದಿನ ತಿಂಗಳಿಂದ ಹಾಲ್ ಸಿಗೂದಿಲ್ಲ.”

“ಇದು ದೆವ್ವದ್ದಲ್ಲರಿ, ಸಮಾಜದ್ದು. ನೋಡಿ ಆಮ್ಯಾಲ ಹೇಳ್ರಿ.”

“ನೋಡಾಕಲ್ಲ, ನಿಲ್ಲಸಾಕ ಬರ್ತೀನಿ!”

ನಿಲ್ಲಿಸಲು ಬಂದವರು ಎಲ್ಲರಿಗಿಂತ ಮೊದಲೇ ಬಂದು, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದರು.

ಹಿಂಡು

ಪರದೆಯ ಮೇಲೆ ಪಿಶಾಚಿಗಳು ಒಬ್ಬನ ರಕ್ತವನ್ನು ಪೂರಾ ಹೀರಿ ಎಸೆದರು. ಕುಣಿಕೋಣೂರದ ಕುರಿ ಸಾಕುವ ಅಜ್ಜಿಗೆ ಸಿಟ್ಟು ಬಂತು.

“ಇವಕ್ಕ ಹಿಂಡ ಸಾಕಾಕ ಬರಂಗಿಲ್ಲ. ನಾವು ಉಣ್ಣೆ ಕತ್ತರಸ್ತೀವಿ, ಕುರಿ ಜೀವಾ ತಗೀತೀವೇನು?”

ಪಕ್ಕದವಳು ಕೆಣಕಿದಳು: “ಸೊಸಿನ್ನೂ ಹಂಗ ಇಟ್ಟೀಯೇನವಾ?”

“ಎಲ್ಲಿದು! ನಮ್ಮನ್ಯಾಗ ಕುರಿ ನಾನು. ಕತ್ರಿ ಅಕಿ ಕೈಯಾಗ ಐತಿ.”

ನಮ್ಮಾಂವ

ಪಿಶಾಚಿಗಳಲ್ಲೇ ಒಬ್ಬ ಮನುಷ್ಯರ ರಕ್ತ ಮುಟ್ಟುವುದಿಲ್ಲ ಎಂದು ಹಟ ಹಿಡಿದು, ಹಸಿದು ಸೊರಗಿದ. ಈರುಳ್ಳಿಯನ್ನೂ ಮುಟ್ಟದ ಕಿರಾಣಿ ಅಂಗಡಿಯ ಶರಣಮ್ಮನವರು ಚಪ್ಪಾಳೆ ಹೊಡೆದರು.

“ನೋಡ್ರಿ, ಎಷ್ಟ ಚಲೋ ಮನಿತನ! ಇಂವ ನಮ್ಮಾಂವ!”

ಅಷ್ಟರಲ್ಲಿ ಅವನು ಒಂದು ಕೋಳಿ ಹಿಡಿದು ಅದರ ರಕ್ತ ಗಟಗಟ ಕುಡಿದ.

“ಅಲ್ಲ, ಅಲ್ಲ,” ಎಂದು ಅವರು ಸೆರಗನ್ನು ಮೂಗಿಗೆ ಹಿಡಿದರು. “ಇಂವ ಬ್ಯಾರೆ ಮಂದಿ.”

ಬಾಗಿಲು

ಚಿತ್ರದ ಕೊನೆಗೆ ಒಂದು ಮನೆ, ಒಳಗೆ ಒಬ್ಬಳೇ ಹುಡುಗಿ. ಹೊರಗೆ ಪಿಶಾಚಿಗಳ ಮಂತ್ರಿ ಬಾಗಿಲು ಬಡಿಯುತ್ತಿದ್ದಾನೆ. ಮನೆಯವರು ಬಾ ಎನ್ನದೆ ಪಿಶಾಚಿ ಹೊಸ್ತಿಲು ದಾಟುವಂತಿಲ್ಲ.

ಅಧ್ಯಕ್ಷರು ಕುರ್ಚಿ ಬಿಟ್ಟೆದ್ದರು. “ಕರೀಬ್ಯಾಡವಾ! ಏನರ ಆಗ್ಲಿ, ಒಳಗ ಬಾ ಅನಬ್ಯಾಡ!”

ಆಗಲೇ ನಮ್ಮ ಹಾಲಿನ ಬಾಗಿಲನ್ನೂ ಯಾರೋ ಬಡಿದರು. ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಅಧ್ಯಕ್ಷರು ಮಾತ್ರ ಪರದೆಯಿಂದ ಕಣ್ಣು ಕೀಳದೆ, ನಮ್ಮ ಕಡೆಯ ರೂಢಿಯಂತೆ ಕೂಗಿದರು:

“ಬರ್ರಿ, ಬರ್ರಿ! ಒಳಗ ಬಂದು ಕುಂದ್ರಿ!”

ಗುಡ್ಡಾಪುರದ ಪ್ರಸಾದದ ಚೀಲ ಹಿಡಿದು ಒಳಗೆ ಬಂದವರು ಅವರ ಹೆಂಡತಿ! ಇಡೀ ಸಭೆಯೇ ನಕ್ಕಿತು. ನಾನು ಚಿತ್ರ ತಡೆದು ದೀಪ ಹಾಕಿದೆ.

“ಅಧ್ಯಕ್ಷರ, ಈಗ ಹೇಳ್ರಿ. ಮುಂದಿನ ತಿಂಗಳು ಹಾಲ್ ಕೊಡ್ತೀರೋ ಇಲ್ಲೋ?”

“ಪ್ರತಿ ತಿಂಗಳಾ ನಿಮ್ದ ಅಕ್ಕಾರ! ಮೊದಲ ಲೈಟ್ ಆರಸ್ರಿ, ಲಗೂನ! ಆ ಹುಡುಗಿ ಉಳೀತಾಳೋ ಇಲ್ಲೋ ನೋಡಬೇಕು.”

ಅವರ ಹೆಂಡತಿ ಮಾತ್ರ ಬಾಗಿಲಲ್ಲೇ ಬೆರಗಾಗಿ ನಿಂತಿದ್ದರು.

“ಏನ್ ತೋರಿಸಿದ್ರಿ ಅಕ್ಕಾರ ಇವರಿಗೆ? ಲಗ್ನಾದಾಗಿಂದ ನನಗ ‘ಬರ್ರಿ, ಕುಂದ್ರಿ’ ಅಂದದ್ದು ಇದ ಮೊದಲ ನೋಡ್ರಿ!”